ವೇದ ಸುಳ್ಳಾದರೂ ಗಾದೆ ಸುಳ್ಳಾಗದೇ? ಗಾದೆ, ಸೂಕ್ತಿ, ವಚನಗಳ ಭೇದವೂ ನಮ್ಮ ಪ್ರಬೋಧನೆಯೂ

ಕನ್ನಡದಲ್ಲಿ ಬಲಿಪೂಜೆ ನಡೆಯುವ ಯಾವ ಧರ್ಮಕೇಂದ್ರಕ್ಕೆ ಹೋದರೂ ಭಾನುವಾರದ ಪ್ರಬೋಧನೆಯಲ್ಲಿ ಒಂದೆರಡು ಗಾದೆಗಳು ಕಿವಿಗೆ ಬೀಳುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ರೂಢಿ ಇನ್ನಷ್ಟು ಬಲವಾಗಿದೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಹಸುಕರುಗಳ ನಡುವೆ ಬಾಳುವ ಇಲ್ಲಿನ ಭಕ್ತಜನರಿಗೆ ಗಾದೆಯು ಮಾತಿಗೆ ತೊಡಿಸುವ ಒಡವೆಯಲ್ಲ, ದಿನನಿತ್ಯದ ಮಾತೇ ಹೌದು. ವಾರಾಂತ್ಯದ ಸೇವೆಗೆಂದು ಈ ಕಡೆಗೆ ಬರುವ ಗುರುಮಠದ ಸೋದರರು ಇದನ್ನು ಬೇಗನೆ ಕಂಡುಕೊಳ್ಳುತ್ತಾರೆ. ಮಾತು ಸಪ್ಪೆಯಾಗುತ್ತಿದೆ ಎನಿಸಿದಾಗ ಒಂದು ಗಾದೆಯನ್ನೆತ್ತಿದರೆ ಸಾಕು, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ತಲೆಯೆತ್ತುತ್ತಾರೆ.

ಗಾದೆಯ ಬಳಕೆಯನ್ನು ನಾವು ಆಕ್ಷೇಪಿಸುತ್ತಿಲ್ಲ. ನಮ್ಮ ಆಕ್ಷೇಪ ಬೇರೆಯದು. ಒಂದೇ ಪ್ರಬೋಧನೆಯಲ್ಲಿ ಊರ ಗಾದೆ, ಸರ್ವಜ್ಞನ ತ್ರಿಪದಿ, ಬಸವಣ್ಣನವರ ವಚನ, ಮಂಕುತಿಮ್ಮನ ಕಗ್ಗದ ಸಾಲು, ಜ್ಞಾನೋಕ್ತಿ ಗ್ರಂಥದ ವಾಕ್ಯ, ಕೊನೆಗೆ ಯೇಸುಸ್ವಾಮಿಯ ಮಾತು, ಇವೆಲ್ಲವೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಬರುತ್ತವೆ. ಎಲ್ಲಕ್ಕೂ ‘ಬಲ್ಲವರು ಹೇಳಿದ್ದಾರೆ’ ಎಂಬ ಒಂದೇ ಪೀಠಿಕೆ. ಈ ಮಾತುಗಳೆಲ್ಲ ಒಂದೇ ಜಾತಿಯವಲ್ಲ. ಅವುಗಳ ನಡುವಣ ಭೇದವು ಅಲಂಕಾರಶಾಸ್ತ್ರದ ಸೂಕ್ಷ್ಮವೆಂದು ಬದಿಗಿರಿಸತಕ್ಕದ್ದೂ ಅಲ್ಲ. ಒಂದು ಬಗೆಯ ನುಡಿಯನ್ನು ಮತ್ತೊಂದು ಬಗೆಯದೆಂದು ತಿಳಿದು ಆಡಿದಾಗ ಕೇಳುವವರಿಗೆ ನೋವಾಗುತ್ತದೆ. ಕೆಲವೊಮ್ಮೆ ಅಪಾಯವೂ ಆಗುತ್ತದೆ. ಪವಿತ್ರ ಗ್ರಂಥವನ್ನು ಅರಿಯಲು ಸಾಹಿತ್ಯಪ್ರಕಾರಗಳನ್ನು ಗಮನಿಸಲೇಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ‘ದೇಯಿ ವೆರ್ಬುಮ್’ ಸಂವಿಧಾನದ 12ನೆಯ ಪರಿಚ್ಛೇದದಲ್ಲಿ ಬೋಧಿಸಿತು. ಗ್ರಂಥಕ್ಕೆ ಅನ್ವಯಿಸುವ ಈ ಎಚ್ಚರ ಗ್ರಂಥವನ್ನು ವಿವರಿಸುವ ನಮ್ಮ ಮಾತಿಗೂ ಅನ್ವಯಿಸಬೇಕಲ್ಲವೇ?

ನುಡಿಗಳ ಬಗೆಗಳು

ಗಾದೆ ಎಂದರೇನು ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಕೊಡುವ ಉತ್ತರ ಸಾಮಾನ್ಯವಾಗಿ ರೂಪವನ್ನು ಕುರಿತದ್ದು: ಚಿಕ್ಕದು, ಚೊಕ್ಕದು, ಪ್ರಾಸವುಳ್ಳದ್ದು, ಅನುಭವದ ಸಾರವುಳ್ಳದ್ದು. ಈ ಲಕ್ಷಣಗಳು ಸೂಕ್ತಿಗೂ ಒಪ್ಪುತ್ತವೆ, ಒಗಟಿಗೂ ಒಪ್ಪುತ್ತವೆ, ಇಂದಿನ ಜಾಹೀರಾತಿಗೂ ಒಪ್ಪುತ್ತವೆ. ಗಾದೆಯನ್ನು ಕುರಿತು 1931ರಲ್ಲಿ ಪ್ರಸಿದ್ಧ ಗ್ರಂಥವೊಂದನ್ನು ಬರೆದ ಅಮೆರಿಕದ ವಿದ್ವಾಂಸ ಆರ್ಚರ್ ಟೇಲರ್ ತನ್ನ ಗ್ರಂಥದ ಆರಂಭದಲ್ಲಿಯೇ, ಗಾದೆಗೆ ಲಕ್ಷಣ ಹೇಳಹೊರಡುವುದು ಶ್ರಮಕ್ಕೆ ತಕ್ಕ ಫಲ ಕೊಡದ ಕೆಲಸವೆಂದು ಕೈಚೆಲ್ಲಿದನು. ರೂಪವನ್ನೇ ಹಿಡಿದು ಹೊರಟರೆ ಈ ಸೋಲು ಸಹಜ. ಆದ್ದರಿಂದ ನಾವು ಬೇರೊಂದು ಪ್ರಶ್ನೆಯನ್ನು ಕೇಳಬಯಸುತ್ತೇವೆ: ಈ ಮಾತಿಗೆ ಹೊಣೆ ಯಾರು?

ನುಡಿಗಟ್ಟಿನಿಂದ ಆರಂಭಿಸೋಣ. ‘ಹೊಟ್ಟೆಗೆ ತಣ್ಣೀರು ಬಟ್ಟೆ’ ಎಂಬುದು ಪೂರ್ಣ ವಾಕ್ಯವಲ್ಲ; ಬೇರೊಂದು ವಾಕ್ಯದೊಳಗೆ ಸೇರಿ ಅರ್ಥ ಕೊಡುವ ತುಂಡು. ಅದು ಏನನ್ನೂ ಪ್ರತಿಪಾದಿಸುವುದಿಲ್ಲವಾದ್ದರಿಂದ ಅದಕ್ಕೆ ಹೊಣೆಯ ಪ್ರಶ್ನೆಯೇ ಇಲ್ಲ. ಒಗಟು ಪ್ರಶ್ನೆಯಾಗಿ ನಿಲ್ಲುತ್ತದೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದವನು ‘ಮಲ್ಲಿಗೆ’ ಎಂಬ ಉತ್ತರಕ್ಕಾಗಿ ಕಾಯುತ್ತಾನೆ. ಮಾತಿನ ಅರ್ಧಭಾಗ ಕೇಳುವವನ ಕೈಯಲ್ಲಿದೆ. ಸಂಸೋನನು ಮದುವೆಯ ಔತಣದಲ್ಲಿ ಫಿಲಿಷ್ಟಿಯರ ಮುಂದಿಟ್ಟದ್ದು ಇಂಥ ಒಗಟನ್ನೇ (ನ್ಯಾಯಸ್ಥಾಪಕರು 14). ಕಾಕತಾಳೀಯ ಮೊದಲಾದ ಸಂಸ್ಕೃತದ ಲೌಕಿಕ ನ್ಯಾಯಗಳು ವಾದಕ್ಕೆ ಒದಗುವ ದೃಷ್ಟಾಂತಗಳು. ಅವುಗಳಿಗೆ ಹೊಣೆ ತರ್ಕ.

ಸೂಕ್ತಿ ಅಥವಾ ಸುಭಾಷಿತಕ್ಕೆ ಕರ್ತೃವಿರುತ್ತಾನೆ, ಇಲ್ಲವೇ ಇದ್ದನೆಂಬ ನಂಬಿಕೆಯಿರುತ್ತದೆ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾಯಿತು. ಅದರ ಚೌಪದಿಗಳನ್ನು ನಾವು ಎಷ್ಟೇ ಸಲೀಸಾಗಿ ಬಳಸಿದರೂ ಅವು ಒಬ್ಬ ವಿಚಾರವಂತನ ಚಿಂತನೆಯ ಫಲಗಳು. ಅವನ್ನು ಒಪ್ಪಬಹುದು, ತಿದ್ದಬಹುದು, ಅಲ್ಲಗಳೆಯಬಹುದು. ಉತ್ತರ ಹೇಳಲು ಒಬ್ಬ ಕರ್ತೃವಿದ್ದಾನೆ. ಗ್ರೀಕರು ‘ಗ್ನೋಮೆ’ ಎಂದು ಕರೆದದ್ದು ಇದಕ್ಕೆ ಹತ್ತಿರವಾದುದು. ಅರಿಸ್ಟಾಟಲನು ತನ್ನ ‘ರೆಟರಿಕ್’ ಗ್ರಂಥದ ಎರಡನೆಯ ಭಾಗದಲ್ಲಿ, ನೀತಿಸೂಕ್ತಿಗಳನ್ನಾಡುವುದು ವಯಸ್ಸಾದವರಿಗೆ, ಅದರಲ್ಲೂ ತಾವು ಅನುಭವಿಸಿ ಅರಿತ ವಿಷಯದಲ್ಲಿ ಮಾತ್ರ, ಶೋಭಿಸುತ್ತದೆಂದು ಹೇಳುತ್ತಾನೆ. ಉಪಯಾಜಕ ದೀಕ್ಷೆಯ ಹೊಸ್ತಿಲಲ್ಲಿರುವವರು ಈ ಎಚ್ಚರಿಕೆಯನ್ನು ಮುಗುಳುನಗೆಯೊಡನೆ ಓದಿಕೊಳ್ಳಬಹುದು.

ವಚನದ್ದು ಬೇರೆ ಕುಲ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಮಾತಿನ ಕೊನೆಗೆ ಅಂಕಿತವನ್ನಿಟ್ಟರು: ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಅಂಕಿತವೆಂಬುದು ಕವಿಯ ರುಜುವಲ್ಲ; ತಾನು ಆಡಿದ ಮಾತಿಗೆ ತನ್ನ ದೇವರನ್ನೇ ಸಾಕ್ಷಿಯಾಗಿ ನಿಲ್ಲಿಸುವ ಕ್ರಮ. ವಚನವು ದೇವರ ಎದುರು ಆಡಿದ ಮಾತು. ನಾವು ಅದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೇವೆ. ಅಂಕಿತವನ್ನು ಕತ್ತರಿಸಿ ನಡುವಿನ ಸಾಲನ್ನು ಮಾತ್ರ ನೀತಿವಾಕ್ಯವಾಗಿ ಪ್ರಬೋಧನೆಗೆ ತರುವುದು ಪ್ರಾರ್ಥನೆಯನ್ನು ಘೋಷಣೆಯಾಗಿ ಮಾರ್ಪಡಿಸಿದಂತೆ. ನಮ್ಮ ಕೀರ್ತನೆಗಳನ್ನು ಅನ್ಯಮತದವರು ಹೀಗೆ ಬಳಸಿದರೆ ನಮಗೇನೆನಿಸೀತು ಎಂದು ಯೋಚಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಇನ್ನು ಉಲ್ಲೇಖ. ರಾಮನಗರದ ಬಂಡೆಬೆಟ್ಟಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರದ ಸಂಭಾಷಣೆಗಳನ್ನು ಹಿಂದಿ ಬಾರದವರೂ ಇಂದಿಗೂ ತಮಾಷೆಗೆ ಆಡುತ್ತಾರೆ. ಆಡುವವನಿಗೂ ಕೇಳುವವನಿಗೂ ಅದು ಯಾವ ಚಿತ್ರದ ಯಾವ ಪಾತ್ರದ ಮಾತೆಂದು ಗೊತ್ತು. ಹಾಗೆ ಗೊತ್ತಿರುವವರೆಗೆ ಅದು ಉಲ್ಲೇಖ. ಮೂಲ ಮರೆತು, ಮಾತು ಮಾತ್ರ ಉಳಿದು, ಎಲ್ಲರದೂ ಆದಾಗ ಅದು ಗಾದೆಯ ಕಡೆಗೆ ಹೆಜ್ಜೆಯಿಡುತ್ತದೆ. ದಾಸರ ಪದಗಳ ಎಷ್ಟೋ ತುಣುಕುಗಳು ಹೀಗೆಯೇ ಊರ ಮಾತಾಗಿವೆ.

ಹಾಗಾದರೆ ಗಾದೆಗೆ ಹೊಣೆ ಯಾರು? ಗಾದೆಗೆ ಕರ್ತೃವಿಲ್ಲ, ಊರೇ ಕರ್ತೃ ಎನ್ನುತ್ತೇವೆ. ಊರು ಮಾತಿನ ಒಡೆತನವನ್ನು ಹೊತ್ತುಕೊಳ್ಳುತ್ತದೆ, ಅದನ್ನು ಆಡುವ ಹೊಣೆಯನ್ನು ಹೊರುವುದಿಲ್ಲ. ಈ ಗಾದೆಯನ್ನು ಈ ಹೊತ್ತಿನಲ್ಲಿ ಈ ವ್ಯಕ್ತಿಗೆ ಹೇಳುವುದು ತಕ್ಕದ್ದೆಂದು ತೀರ್ಮಾನಿಸಿದವನು ಆಡಿದವನೇ. ಗಾದೆಯನ್ನು ಉಳಿದ ನುಡಿಗಳಿಂದ ಬೇರ್ಪಡಿಸುವ ಗೆರೆ ಇದೇ ಎಂಬುದು ನಮ್ಮ ಅಭಿಪ್ರಾಯ: ಗಾದೆಯ ಮಾತು ಊರಿನದು, ಅದರ ಸತ್ಯ ಸಂದರ್ಭದ್ದು, ಅದರ ಹೊಣೆ ಆಡಿದವನದು.

ಗಾದೆ ಸುಳ್ಳಾಗದಿರುವ ಬಗೆ

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಮಾತು ನಮ್ಮ ವೇದಿಕೆಗಳಿಂದಲೂ ಕೇಳಿಬರುತ್ತದೆ. ಕನ್ನಡ ಕ್ರೈಸ್ತರು ಬೈಬಲನ್ನು ‘ಸತ್ಯವೇದ’ವೆಂದು ಕರೆದುಕೊಂಡು ಬಂದವರು. ಸತ್ಯವೇದದ ವಾಚನ ಮುಗಿದ ಐದೇ ನಿಮಿಷದಲ್ಲಿ, ಅದೇ ವಾಚನಪೀಠದಿಂದ, ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹೇಳುವುದರಲ್ಲಿರುವ ವಿಪರ್ಯಾಸವನ್ನು ಬಹಳ ಮಂದಿ ಗಮನಿಸುವುದಿಲ್ಲ. ಆದರೆ ಆ ಗಾದೆಯನ್ನು ತಳ್ಳಿಹಾಕುವ ಮೊದಲು, ಅದು ಯಾವ ಅರ್ಥದಲ್ಲಿ ನಿಜವೆಂದು ನೋಡುವುದು ಉಚಿತ.

‘ತಾಳಿದವನು ಬಾಳಿಯಾನು’ ಎಂಬುದೂ ಗಾದೆ, ‘ಗಾಳಿ ಬಂದಾಗ ತೂರಿಕೋ’ ಎಂಬುದೂ ಗಾದೆ. ಒಂದು ಕಾಯಲು ಹೇಳುತ್ತದೆ, ಇನ್ನೊಂದು ಕಾಯಬೇಡವೆನ್ನುತ್ತದೆ. ಇವೆರಡೂ ಸಾರ್ವತ್ರಿಕ ವಿಧಿಗಳಾಗಿದ್ದರೆ ಒಂದಾದರೂ ಸುಳ್ಳಾಗಲೇಬೇಕು. ಆದರೆ ಮಾಗಡಿಯ ರೈತನಿಗೆ ಈ ವಿರೋಧ ಎಂದೂ ತೊಡಕಾಗಿಲ್ಲ. ಕಣದಲ್ಲಿ ರಾಗಿ ಬಡಿದು ರಾಶಿ ಹಾಕಿದ ಮೇಲೆ ಸಂಜೆಯ ಗಾಳಿ ಎದ್ದಾಗ ಮೊದಲನೆಯ ಗಾದೆಯನ್ನು ಯಾರೂ ಆಡುವುದಿಲ್ಲ; ಪೈರು ಇನ್ನೂ ಹಸಿಯಾಗಿರುವಾಗ ಎರಡನೆಯದನ್ನು ಯಾರೂ ಆಡುವುದಿಲ್ಲ. ಒಪ್ಪದ ಕಡೆ ಗಾದೆಯನ್ನು ಯಾರೂ ಆಡುವುದಿಲ್ಲವಾದ್ದರಿಂದಲೇ ಗಾದೆ ಸುಳ್ಳಾಗುವುದಿಲ್ಲ. ಹಾಗೆಯೇ, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬುದು ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ, ಮಳೆಯಾಶ್ರಿತ ಬೆಳೆ ನೀರಿಗಾಗಿ ಬಾಯಿಬಿಡುವ ಹೊತ್ತಿನಲ್ಲಿ, ಆಡುವ ಮಾತು. ಅದು ಹವಾಮಾನ ಇಲಾಖೆಯ ಮುನ್ಸೂಚನೆಯೂ ಅಲ್ಲ, ಪೋಷಣಶಾಸ್ತ್ರದ ನಿಯಮವೂ ಅಲ್ಲ.

ಹೀಗೆ ನೋಡಿದರೆ, ಗಾದೆ ಸುಳ್ಳಾಗದಿರುವುದು ಅದರ ಹಿರಿಮೆಯಿಂದಲ್ಲ, ಅದರ ಮಿತಿಯಿಂದ. ಪ್ರವಾದಿಯ ಮಾತು ಹಾಗಲ್ಲ. ಅದು ನಿರ್ದಿಷ್ಟವಾಗಿ ಒಂದನ್ನು ನುಡಿದು, ಸುಳ್ಳಾಗಬಹುದಾದ ಗಂಡಾಂತರಕ್ಕೆ ತನ್ನನ್ನು ಒಡ್ಡಿಕೊಳ್ಳುತ್ತದೆ. ನುಡಿದದ್ದು ನೆರವೇರದಿದ್ದರೆ ಅದು ಪ್ರಭುವಿನ ಮಾತಲ್ಲವೆಂದು ಧರ್ಮೋಪದೇಶಕಾಂಡವೇ ಪರೀಕ್ಷೆಯನ್ನು ಕೊಟ್ಟಿದೆ (18:22). ವೇದವನ್ನೂ ಗಾದೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಯಾವುದು ಹೆಚ್ಚೆಂದು ಕೇಳುವುದೇ ಸರಿಯಲ್ಲ. ಅವು ಸತ್ಯವಾಗುವ ಬಗೆಯೇ ಬೇರೆ ಬೇರೆ.

ರಾಮನಗರದ ಹೆದ್ದಾರಿಯ ಬದಿಯಲ್ಲಿರುವ ಜಾನಪದ ಲೋಕವನ್ನು ಇಲ್ಲಿ ನೆನೆಯಬೇಕು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು; ಆ ಪರಿಷತ್ತಿನ ಜಾನಪದ ಲೋಕವು 1994ರಲ್ಲಿ ಉದ್ಘಾಟನೆಗೊಂಡಿತು. ಬೇಸಾಯದ ಸಲಕರಣೆಗಳು, ಅಡಿಗೆಮನೆಯ ಪಾತ್ರೆಪಡಗಗಳು, ಬೀಸುವ ಕಲ್ಲುಗಳು ಅಲ್ಲಿ ಹೆಸರು ಬರೆದ ಚೀಟಿಗಳೊಡನೆ ಸಂರಕ್ಷಿತವಾಗಿವೆ. ಅದು ದೊಡ್ಡ ಕೆಲಸ. ಆದರೂ ಸಂಗ್ರಹಾಲಯದ ನೇಗಿಲನ್ನು ನೋಡಿ ಉಳುವುದನ್ನು ಕಲಿಯಲಾಗದು. ಎಷ್ಟು ಆಳಕ್ಕೆ ಒತ್ತಬೇಕು, ಎಲ್ಲಿ ಎತ್ತಬೇಕು ಎಂಬುದು ಹೊಲದಲ್ಲಿಯೇ ತಿಳಿಯತಕ್ಕದ್ದು. ಗಾದೆಯ ಸಂಗ್ರಹಗಳೂ ಹಾಗೆಯೇ. ರೆವರೆಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನಲ್ಲಿ ಪದಗಳ ಬಳಕೆಗೆ ಸಾಕ್ಷಿಯಾಗಿ ಗಾದೆಗಳನ್ನು ಹೇರಳವಾಗಿ ಕೊಟ್ಟರು. ಆ ಮಿಷನರಿಯ ಋಣ ಕನ್ನಡಕ್ಕೆ ದೊಡ್ಡದು. ಆದರೆ ಪ್ರಬೋಧಕನು ಸಂಗ್ರಹದಿಂದ ಗಾದೆಯನ್ನು ಹೆಕ್ಕಿ ತರುವಾಗ ಅದನ್ನು ಯಾರು ಯಾರಿಗೆ ಯಾವಾಗ ಆಡಿದರೆಂಬುದು ಅದರ ಜೊತೆಗೆ ಬರುವುದಿಲ್ಲ.

ಪವಿತ್ರ ಗ್ರಂಥದ ಸಾಕ್ಷ್ಯ

ಹಿಬ್ರೂ ಭಾಷೆಯ ‘ಮಾಶಾಲ್’ ಎಂಬ ಒಂದೇ ಪದ ನಾವು ಕನ್ನಡದಲ್ಲಿ ಐದಾರು ಹೆಸರಿನಿಂದ ಕರೆಯುವ ನುಡಿಗಳನ್ನು ಒಳಗೊಂಡಿದೆ. ಬಿಳಾಮನ ದೈವೋಕ್ತಿ (ಸಂಖ್ಯಾಕಾಂಡ 23:7), ಬಾಬಿಲೋನಿನ ಅರಸನನ್ನು ಕುರಿತ ಅಣಕದ ಹಾಡು (ಯೆಶಾಯ 14:4), ಎರಡು ಹದ್ದುಗಳ ದೃಷ್ಟಾಂತ (ಯೆಜೆಕಿಯೇಲ 17:2), ಬೀದಿಯ ಗಾದೆ, ಜ್ಞಾನಿಯ ಉಪದೇಶ, ಎಲ್ಲವೂ ಮಾಶಾಲ್. ಆ ಪದದ ಮೂಲದಲ್ಲಿ ಹೋಲುವಿಕೆಯ ಅರ್ಥವಿದೆಯೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಶುಭಸಂದೇಶದ ದೃಷ್ಟಾಂತಗಳಿಗೆ ನಮ್ಮಲ್ಲಿ ಬಳಕೆಯಲ್ಲಿರುವ ‘ಸಾಮತಿ’ ಎಂಬ ಹಳೆಯ ಕನ್ನಡ ಮಾತು ಈ ಹೋಲಿಕೆಯ ಅರ್ಥವನ್ನು ಅಚ್ಚುಕಟ್ಟಾಗಿ ಹಿಡಿದಿದೆ.

‘ಜ್ಞಾನೋಕ್ತಿಗಳು’ ಎಂಬ ಹೆಸರು ಅಷ್ಟೇ ಯಶಸ್ವಿಯಾಗಿದೆಯೇ? ಒಂದು ದೃಷ್ಟಿಯಿಂದ ಹೌದು. ಆ ಗ್ರಂಥ ಬರಿಯ ಗಾದೆಗಳ ಕಂತೆಯಲ್ಲ. ಮೊದಲ ಒಂಬತ್ತು ಅಧ್ಯಾಯಗಳು ದೀರ್ಘ ಉಪದೇಶ. ಹತ್ತನೆಯ ಅಧ್ಯಾಯದಿಂದ 22:16ರವರೆಗೆ 375 ಬಿಡಿ ನುಡಿಗಳು. ಅನಂತರದ ಭಾಗಕ್ಕೆ ಈಜಿಪ್ಟಿನ ಅಮೆನೆಮೋಪೆಯ ಉಪದೇಶದೊಡನೆ ಇರುವ ನಿಕಟ ಸಾದೃಶ್ಯವನ್ನು ವಿದ್ವಾಂಸರು 1920ರ ದಶಕದಲ್ಲಿ ಗುರುತಿಸಿದರು. 25ನೆಯ ಅಧ್ಯಾಯದಿಂದ ಅರಸ ಹಿಜ್ಕೀಯನ ಜನರು ನಕಲು ಮಾಡಿದ ಸಂಗ್ರಹ. ಕೊನೆಗೆ ಆಗೂರನ ನುಡಿಗಳು, ಲೆಮುವೇಲನಿಗೆ ಅವನ ತಾಯಿ ಹೇಳಿದ ಬುದ್ಧಿಮಾತು. ಇಷ್ಟೆಲ್ಲವನ್ನು ಹೊದಿಸುವ ಹೆಸರಿಗೆ ‘ಗಾದೆಗಳು’ ಎಂಬುದು ಸಾಲದು. ಮತ್ತೊಂದು ದೃಷ್ಟಿಯಿಂದ ಈ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ‘ಉಕ್ತಿ’ ಎಂಬ ಘನವಾದ ಸಂಸ್ಕೃತ ಪದ, ಅದಕ್ಕೆ ‘ಜ್ಞಾನ’ದ ವಿಶೇಷಣ, ಕೇಳಿದವರಿಗೆ ಇವೆಲ್ಲ ಸರ್ವಕಾಲಕ್ಕೂ ಸಲ್ಲುವ ವಿಧಿವಾಕ್ಯಗಳೆಂಬ ಭಾವನೆ ಹುಟ್ಟುತ್ತದೆ. ಬಿಡಿ ನುಡಿಗಳ ಗಾದೆಗುಣ ಮರೆಯಾಗುತ್ತದೆ.

ಆ ಗಾದೆಗುಣವನ್ನು ಗ್ರಂಥವೇ ನಮಗೆ ನೆನಪಿಸುತ್ತದೆ. 26ನೆಯ ಅಧ್ಯಾಯದ ನಾಲ್ಕನೆಯ ವಾಕ್ಯ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬಾರದೆನ್ನುತ್ತದೆ. ಐದನೆಯ ವಾಕ್ಯ ಕೊಡಬೇಕೆನ್ನುತ್ತದೆ. ಇವೆರಡನ್ನು ಅಕ್ಕಪಕ್ಕದಲ್ಲಿ ಇರಿಸಿದ ಸಂಪಾದಕನು ಮಂದಬುದ್ಧಿಯವನಲ್ಲ. ತಾಳುವುದೋ ತೂರುವುದೋ ಎಂಬ ತೀರ್ಮಾನವನ್ನು ನಮ್ಮ ರೈತನಿಗೆ ಬಿಟ್ಟಂತೆ, ಅವನು ಇದನ್ನು ಓದುಗನ ವಿವೇಕಕ್ಕೆ ಬಿಟ್ಟಿದ್ದಾನೆ. ಅಲ್ಲಿಂದ ಮುಂದೆ ಏಳನೆಯ ಮತ್ತು ಒಂಬತ್ತನೆಯ ವಾಕ್ಯಗಳನ್ನು ಗಮನಿಸಬೇಕು. ಮೂಢನ ಬಾಯಲ್ಲಿ ಗಾದೆ ಕುಂಟನ ಜೋತುಬಿದ್ದ ಕಾಲುಗಳಂತೆ. ಮತ್ತೂ, ಕುಡುಕನ ಕೈಗೆ ಸಿಕ್ಕ ಮುಳ್ಳಿನಂತೆ. ಒಂದು ಹೋಲಿಕೆಯಲ್ಲಿ ಗಾದೆ ನಿಷ್ಪ್ರಯೋಜಕ, ಮತ್ತೊಂದರಲ್ಲಿ ಅಪಾಯಕಾರಿ. ಎರಡರಲ್ಲೂ ದೋಷ ಗಾದೆಯದಲ್ಲ, ಆಡಿದವನದು. ಸಿರಾಖನು ಇದನ್ನು ಇನ್ನೂ ಬಿಡಿಸಿ ಹೇಳುತ್ತಾನೆ: ಮೂರ್ಖನ ಗಾದೆಯನ್ನು ಜನ ತಿರಸ್ಕರಿಸುವುದು ಅವನು ಅದನ್ನು ಸಮಯವರಿತು ಆಡದ ಕಾರಣಕ್ಕೆ (20:20).

ಪ್ರವಾದಿ ಯೆಜೆಕಿಯೇಲನು ಗಾದೆಯನ್ನು ಬಳಸಿಯೂ ತೋರಿಸುತ್ತಾನೆ, ನಿಲ್ಲಿಸಿಯೂ ತೋರಿಸುತ್ತಾನೆ. 16ನೆಯ ಅಧ್ಯಾಯದಲ್ಲಿ ಜೆರುಸಲೇಮನ್ನು ಖಂಡಿಸುವಾಗ ಅವನೆತ್ತುವ ಗಾದೆ ನಮ್ಮ ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದಕ್ಕೆ ಸರಿಸಮನಾದುದು. ಎರಡೇ ಅಧ್ಯಾಯಗಳ ನಂತರ, ಹೆತ್ತವರು ಹುಳಿದ್ರಾಕ್ಷಿ ತಿಂದುದರಿಂದ ಮಕ್ಕಳ ಹಲ್ಲು ಚಳಿತುಹೋಯಿತೆಂಬ ಗಾದೆಯನ್ನು ಇಸ್ರಯೇಲಿನಲ್ಲಿ ಇನ್ನು ಮುಂದೆ ಯಾರೂ ಆಡಕೂಡದೆಂದು ದೇವರ ಹೆಸರಿನಲ್ಲಿ ನಿಷೇಧಿಸುತ್ತಾನೆ. ಗಡೀಪಾರಾದ ಪೀಳಿಗೆ ಆ ಗಾದೆಯ ಹಿಂದೆ ಅವಿತುಕೊಂಡು ತನ್ನ ಹೊಣೆಯಿಂದ ನುಣುಚಿಕೊಳ್ಳುತ್ತಿತ್ತು. ಜೊತೆಗೆ, ತಮಗಿನ್ನು ಬಿಡುಗಡೆಯೇ ಇಲ್ಲವೆಂಬ ನಿರಾಶೆಗೂ ಬಿದ್ದಿತ್ತು. ದೇವರು ಆ ಗಾದೆಯನ್ನು ನಿಲ್ಲಿಸಿದ್ದು ಆ ಜನರ ಮುಂದೆ ಪಶ್ಚಾತ್ತಾಪದ ಬಾಗಿಲನ್ನು ತೆರೆಯಲು.

ಎಲ್ಲಕ್ಕಿಂತ ಮಿಗಿಲಾದ ಸಾಕ್ಷ್ಯ ಯೋಬನ ಗ್ರಂಥದ್ದು. ಯೋಬನ ಮೂವರು ಗೆಳೆಯರು ಕೆಟ್ಟವರಲ್ಲ, ಬಲ್ಲವರು. ಅವರು ಆಡಿದ್ದು ಹಿರಿಯರ ನುಡಿ. ಆ ನುಡಿಗಳನ್ನು ಯೋಬನು ಬೂದಿಯ ಗಾದೆಗಳೆಂದು ಕರೆಯುತ್ತಾನೆ (13:12). ಕೊನೆಯಲ್ಲಿ ದೇವರೇ, ಈ ಗೆಳೆಯರು ತನ್ನ ವಿಷಯದಲ್ಲಿ ಸರಿಯಾದುದನ್ನು ನುಡಿಯಲಿಲ್ಲವೆಂದು ತೀರ್ಪು ಕೊಡುತ್ತಾರೆ (42:7). ಆದರೆ, ದೇವರು ಜ್ಞಾನಿಗಳನ್ನು ಅವರ ಜಾಣತನದಲ್ಲಿಯೇ ಸಿಕ್ಕಿಸಿ ಹಿಡಿಯುತ್ತಾರೆಂಬ ಎಲೀಫಜನ ಮಾತನ್ನು (5:13) ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಗ್ರಂಥವಾಕ್ಯವೆಂದೇ ಎತ್ತಿಕೊಂಡಿದ್ದಾರೆ (3:19). ಒಂದೇ ವಾಕ್ಯ: ತಮ್ಮ ಪಾಂಡಿತ್ಯದಲ್ಲಿ ಬೀಗುತ್ತಿದ್ದ ಕೊರಿಂಥದವರಿಗೆ ಹೇಳಿದಾಗ ಅದು ಸತ್ಯ, ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕುಳಿತವನಿಗೆ ಹೇಳಿದಾಗ ಅದು ದೇವರ ವಿಷಯದಲ್ಲಿ ಆಡಿದ ಅಸತ್ಯದ ಭಾಗ. ವಾಕ್ಯದಲ್ಲಿ ವ್ಯತ್ಯಾಸವಿಲ್ಲ, ಕೇಳುವವನಲ್ಲಿದೆ. ನುಡಿಯ ಬಗೆಗಳನ್ನು ಕುರಿತು ನಮ್ಮ ಗುರುಮಠಗಳಲ್ಲಿ ಒಂದೇ ಒಂದು ಪಾಠ ಮಾಡುವುದಾದರೆ ಅದನ್ನು ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇರಿಸಿ ಮಾಡಬೇಕು.

ಪ್ರಬೋಧನೆಯಲ್ಲಿ ಗಾದೆ ವಿಧಿಯಾದಾಗ

ಈಗ ನಮ್ಮ ಧರ್ಮಕೇಂದ್ರಗಳಿಗೆ ಬರೋಣ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಮದುವೆಯ ಪ್ರಬೋಧನೆಗಳಲ್ಲಿ ತಪ್ಪದೆ ಬರುತ್ತದೆ. ಅಡಿಗೆಗೆ ಉಪ್ಪು ಹೆಚ್ಚಾಯಿತೆಂಬಂಥ ಮುನಿಸಿಗೆ ಅದು ಹಿತವಾದ ಮಾತು. ನೆರೆಯವರು ನಡುವೆ ಬಾಯಿ ಹಾಕಬಾರದೆಂಬ ವಿವೇಕವೂ ಅದರಲ್ಲಿದೆ. ಅದೇ ಗಾದೆಯನ್ನು, ಕುಡಿದು ಬಂದ ಗಂಡನಿಂದ ಪೆಟ್ಟು ತಿಂದು ಗುರುಗಳ ಬಳಿಗೆ ಬಂದ ಹೆಣ್ಣುಮಗಳಿಗೆ ಹೇಳಿದರೆ ಏನಾಗುತ್ತದೆ? ಗಮನಿಸಿ ಆಡಿದ್ದ ಮಾತು ಆಜ್ಞೆಯಾಗುತ್ತದೆ: ಉಂಡು ಮಲಗು, ಮರೆತುಬಿಡು, ಮನೆಗೆ ಹೋಗು. ಊರ ಗಾದೆಗೆ ಗುರುಪಟ್ಟದ ಅಧಿಕಾರ ಸೇರಿಕೊಂಡು, ಆಕೆಗೆ ಉಳಿದಿದ್ದ ಒಂದು ಬಾಗಿಲೂ ಮುಚ್ಚುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ ಕಾಯಿದೆ 2005ರಲ್ಲಿಯೇ ಬಂದಿದೆ. ನಾಡಿನ ಕಾನೂನು ಹಿಂಸೆಯೆಂದು ಹೆಸರಿಟ್ಟು ಕರೆದುದನ್ನು ನಾವು ಜಗಳವೆಂಬ ಹಗುರ ಮಾತಿನಿಂದ ಕರೆಯುವುದು ಕುರುಬನಿಗೆ ತಕ್ಕ ನಡತೆಯಲ್ಲ.

ಮತ್ತೊಂದು ನಿದರ್ಶನ. ರೇಷ್ಮೆ ಈ ಸೀಮೆಯ ಜೀವನಾಡಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೇ ಹೆಸರಾದುದು. ಹುಳುಮನೆ ಕಟ್ಟಲು ಸಾಲ ಮಾಡಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತಿಗೆ ರೋಗ ಬಿದ್ದು, ಅಥವಾ ಗೂಡು ಕೈಗೆ ಬಂದ ದಿನವೇ ದರ ಕುಸಿದು ಕುಳಿತ ರೈತನಿಗೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಎರಡು ಬಗೆಯಾಗಿ ಕೇಳಿಸುತ್ತದೆ. ತಾನೂ ಸಾಲದಲ್ಲಿರುವ ನೆರೆಯವನು ನಿಟ್ಟುಸಿರಿನೊಡನೆ ಆಡಿದರೆ ಅದು ಜೊತೆಗಾರನ ಮಾತು. ಹೊತ್ತುಹೊತ್ತಿಗೆ ಊಟ ಸಿಗುವ ಗುರುನಿವಾಸದಿಂದ ಬಂದವನು ಆಡಿದರೆ ಅದು ತೀರ್ಪು. ಗಾದೆಯನ್ನು ಆಡುವವನೂ ಕೇಳುವವನೂ ಒಂದೇ ಹಾಸಿಗೆಯ ಅಳತೆ ಬಲ್ಲವರಾಗಿರಬೇಕು.

ಜ್ಞಾನೋಕ್ತಿ ಗ್ರಂಥದ ವಾಕ್ಯಗಳಿಗೂ ಇದೇ ಗತಿಯಾಗಿದೆ. ಬೆತ್ತವನ್ನು ಹಿಂದೆಗೆಯುವ ತಂದೆ ಮಗನನ್ನು ದ್ವೇಷಿಸುತ್ತಾನೆಂಬ 13:24ನ್ನು ನಮ್ಮ ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂಬ ಮಾತಿನೊಡನೆ ಜೋಡಿಸಿ, ಮಕ್ಕಳಿಗೆ ಹೊಡೆಯುವುದು ದೈವಾಜ್ಞೆಯೆಂಬಂತೆ ಹೇಳುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಹಾಗೆಯೇ, ಮಗುವನ್ನು ತಕ್ಕ ದಾರಿಯಲ್ಲಿ ಬೆಳೆಸಿದರೆ ಮುಪ್ಪಿನಲ್ಲಿಯೂ ಅದು ಆ ದಾರಿ ಬಿಡದೆಂಬ 22:6ನ್ನು ದೇವರ ವಾಗ್ದಾನವೆಂದು ಬೋಧಿಸಿದಾಗ, ಮಗನು ಧರ್ಮಸಭೆಯಿಂದ ದೂರವಾದ ತಾಯಿಗೆ ಕೇಳಿಸುವುದು ಒಂದೇ: ತಪ್ಪು ನಿನ್ನದು. ಅದು ವಾಗ್ದಾನವಲ್ಲ, ಸಾಮಾನ್ಯವಾಗಿ ಹೀಗಾಗುತ್ತದೆಂಬ ಹಿರಿಯರ ಅನುಭವ. ತಂದೆಯೊಬ್ಬನ ಕಿರಿಯ ಮಗ ಮನೆ ಬಿಟ್ಟು ಹೋದ ಕಥೆಯನ್ನು ಹೇಳಿದ ಪ್ರಭು ಆ ತಂದೆಯ ಮೇಲೆ ಯಾವ ತಪ್ಪನ್ನೂ ಹೊರಿಸಲಿಲ್ಲ.

ಪ್ರಭುವಿನ ರೀತಿ

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬರಬಹುದು. ಜನರಿಗೆ ಬೇಗ ತಲುಪುವ ಮಾತನ್ನು ಇಷ್ಟೊಂದು ಬೇಲಿ ಹಾಕಿ ಕಟ್ಟಿದರೆ ಪ್ರಬೋಧಕನ ಬಾಯಿ ಕಟ್ಟಿದಂತಾಗುವುದಿಲ್ಲವೇ? ಪೋಪ್ ಫ್ರಾನ್ಸಿಸರು 2013ರ ‘ಎವಾಂಜೆಲಿಯಿ ಗೌದಿಯುಮ್’ ಪತ್ರದ 157ನೆಯ ಪರಿಚ್ಛೇದದಲ್ಲಿ ಪ್ರಬೋಧನೆಗೆ ಬದುಕಿಗೆ ಹತ್ತಿರವಾದ ಚಿತ್ರಗಳು ಬೇಕೆಂದು ಹೇಳಿರುವರಲ್ಲವೇ? ಹೌದು. ಆದರೆ ಅದಕ್ಕಿಂತ ಮೊದಲು, 154ನೆಯ ಪರಿಚ್ಛೇದದಲ್ಲಿ, ಪ್ರಬೋಧಕನು ಜನರಿಗೂ ಕಿವಿಗೊಡಬೇಕೆಂದು ಅವರು ಹೇಳಿದ್ದಾರೆ. ಮೊದಲು ಕಿವಿ, ಅನಂತರ ಗಾದೆ.

ಯೇಸುಸ್ವಾಮಿಯೂ ಊರ ಮಾತನ್ನು ಬಳಸಿದವರು. ನಜರೇತಿನಲ್ಲಿ, ವೈದ್ಯನು ತನ್ನನ್ನು ತಾನೇ ಗುಣಪಡಿಸಿಕೊಳ್ಳಲಿ ಎಂಬ ಗಾದೆ ಜನರ ನಾಲಿಗೆಯ ತುದಿಯಲ್ಲಿದೆಯೆಂದು ಅರಿತು, ಅವರಿಗಿಂತ ಮೊದಲು ತಾವೇ ಅದನ್ನು ಎತ್ತಿ ಉತ್ತರ ಕೊಟ್ಟರು (ಲೂಕ 4:23). ಬಿತ್ತುವವನೊಬ್ಬ, ಕೊಯ್ಯುವವನೊಬ್ಬ ಎಂಬ ಮಾತು ನಿಜವಾಗುವುದು ಇಲ್ಲಿ, ಈ ಹೊತ್ತಿನಲ್ಲಿ, ಎಂದು ಸಮಾರಿಯದ ಹೊಲಗಳನ್ನು ತೋರಿಸಿ ಹೇಳಿದರು (ಯೊವಾನ್ನ 4:37). ಪಡುವಣದಲ್ಲಿ ಮೋಡವೆದ್ದರೆ ಮಳೆಯೆಂಬ ಜನರ ತಿಳಿವಳಿಕೆಯನ್ನು ಅಲ್ಲಗಳೆಯದೆ, ಕಾಲದ ಸೂಚನೆಯನ್ನು ಅರಿಯದಿರುವುದೇಕೆಂದು ಕೇಳಿದರು (ಲೂಕ 12:54-56). ಈ ಮೂರು ಕಡೆಯೂ ಗಾದೆಗೆ ಸ್ಥಳವಿದೆ, ಹೊತ್ತಿದೆ, ಎದುರಿಗೆ ಮುಖಗಳಿವೆ. ಬೆಟ್ಟದ ಮೇಲಿನ ಬೋಧನೆಯಲ್ಲಿ ಪೂರ್ವಿಕರಿಗೆ ಹೇಳಿದ್ದರ ಎದುರು ತಮ್ಮ ಮಾತನ್ನು ನಿಲ್ಲಿಸಿದಾಗ ಅವರು ಊರ ಹಿಂದೆ ನಿಲ್ಲಲಿಲ್ಲ. ಆ ಮಾತಿನ ಹೊಣೆಯನ್ನು ತಾವೇ ಹೊತ್ತರು. ಅದನ್ನು ‘ಬಲ್ಲವರು ಹೇಳಿದ್ದಾರೆ’ ಎಂಬ ಸಾಲಿಗೆ ಸೇರಿಸುವುದು ಆ ಅಧಿಕಾರವನ್ನು ಮರೆಮಾಚಿದಂತೆ.

ಮರಳುಗಾಡಿನ ಪಿತಾಮಹರ ನುಡಿಗಳೂ ನಮಗೆ ಮಾದರಿ. ಶಿಷ್ಯನು ಬಂದು ತನಗೊಂದು ಮಾತು ಬೇಕೆಂದು ಬೇಡುತ್ತಿದ್ದನು. ಹಿರಿಯನು ಅವನನ್ನು ನೋಡಿ, ಅವನಿಗೆ ತಕ್ಕ ಒಂದು ಮಾತನ್ನು ಕೊಡುತ್ತಿದ್ದನು. ಒಬ್ಬನಿಗೆ ಉಪವಾಸ ಹೇಳಿದವರು ಮತ್ತೊಬ್ಬನಿಗೆ ಊಟ ಹೇಳಿದರು.

ಆದ್ದರಿಂದ ಪ್ರಬೋಧನೆಗೆ ಸಿದ್ಧರಾಗುವವರಿಗೆ ನಮ್ಮ ಸಲಹೆ ಸರಳವಾದುದು. ಒಂದು ನುಡಿಯನ್ನು ಎತ್ತುವ ಮೊದಲು ಇದು ಯಾವ ಬಗೆಯದೆಂದು ಕೇಳಿಕೊಳ್ಳಬೇಕು. ಸೂಕ್ತಿಯಾದರೆ ಕರ್ತೃವಿನ ಹೆಸರು ಹೇಳಬೇಕು. ವಚನವಾದರೆ ಅಂಕಿತವನ್ನು ಬಿಡಬಾರದು, ಅದು ಯಾರ ಪ್ರಾರ್ಥನೆಯೆಂಬುದನ್ನು ಗೌರವದಿಂದ ನೆನೆಯಬೇಕು. ಗಾದೆಯಾದರೆ, ಇಂದು ಈ ಪೀಠಗಳಲ್ಲಿ ಕುಳಿತವರಲ್ಲಿ ಯಾರಿಗೆ ಇದು ಮುಳ್ಳಾಗಬಹುದೆಂದು ಒಂದು ಗಳಿಗೆ ಯೋಚಿಸಬೇಕು. ಹೆಣ್ಣನ್ನು, ಕೆಲವು ಜಾತಿಗಳನ್ನು, ಅಂಗವಿಕಲರನ್ನು ಹೀಯಾಳಿಸುವ ಗಾದೆಗಳು ನಮ್ಮ ಸಂಗ್ರಹಗಳಲ್ಲಿ ಕಡಿಮೆಯೇನಿಲ್ಲ. ಅವು ಯಾವ ಸಂದರ್ಭದಲ್ಲಿಯೂ ವಾಚನಪೀಠಕ್ಕೆ ಸಲ್ಲವು. ಯೆಜೆಕಿಯೇಲನಂತೆ ಅವನ್ನು ನಿಲ್ಲಿಸುವುದೇ ಅಲ್ಲಿ ಬೋಧನೆ.

ಕನಕಪುರದ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಹಳ್ಳಿಗಳಿಗೋ ಚನ್ನಪಟ್ಟಣದ ಬೀದಿಗಳಿಗೋ ಸೇವೆಗೆ ಹೋಗುವ ಸೋದರರು ಗಾದೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಬರೆಯುವಾಗ ಗಾದೆಯೊಂದನ್ನೇ ಬರೆಯದಿರಲಿ. ಅದನ್ನು ಯಾವ ವಯಸ್ಸಿನವರು, ಯಾವ ಕೆಲಸದ ನಡುವೆ, ಯಾರಿಗೆ ಆಡಿದರು. ಕೇಳಿದವರು ನಕ್ಕರೋ, ಸುಮ್ಮನಾದರೋ, ಇನ್ನೊಂದು ಗಾದೆಯಿಂದ ಉತ್ತರ ಕೊಟ್ಟರೋ ಎಂಬುದನ್ನೂ ಅದರ ಕೆಳಗೆ ಬರೆಯಲಿ. ಯೋಬನ ಗೆಳೆಯರು ಏಳು ಹಗಲು ಏಳು ಇರುಳು ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು (2:13); ಅವರು ಎಡವಿದ್ದು ಮಾತು ಶುರುಮಾಡಿದ ಮೇಲೆ. ಅಂಥ ಪುಸ್ತಕದಲ್ಲಿ, ಗಾದೆ ನೆನಪಾದರೂ ಯಾರೂ ಆಡದೆ ಉಳಿದ ಸಂದರ್ಭಗಳಿಗೂ ಕೆಲವು ಪುಟಗಳಿರಲಿ.